ಕಿಟಕಿಗೆ ಬೆನ್ನು ಹಾಕಿದ ಹೂಗಳು

ಮೊದಲ ಗಿಡ ಎರಡೇ ಏಟಿಗೆ ಉರುಳಿತು. ಎರಡನೆಯದು ಸತಾಯಿಸಿತು. ಎರಡಾಳೆತ್ತರದ ಸೂರ್ಯಕಾಂತಿ, ಮಣಿಕಟ್ಟಿನಷ್ಟು ದಪ್ಪ ದಂಟು, ಒಳಗೆಲ್ಲ ನಾರು. ಮಚ್ಚು ಸಿಕ್ಕಿಹಾಕಿಕೊಂಡಿತು. ತಂಗಿ ದಂಟಿಗೆ ಕಾಲು ಕೊಟ್ಟು ಎಳೆದಳು.

"ಬಿಡಬೇಡ, ಹೊಡಿ," ಎಂದಳು ಪಕ್ಕದ ಮನೆಯ ಟೈಲರಮ್ಮ, ತಂಗಿ ಕೈಗೆ ಕೊಟ್ಟಿದ್ದ ಮಗುವನ್ನು ಸೊಂಟದ ಮೇಲೆ ಸರಿಮಾಡಿಕೊಳ್ಳುತ್ತ. "ನಿಮ್ಮ ಭಾವ ಬರೋದರೊಳಗೆ ಮುಗಿಸಿಬಿಡು."

ಭಾವ ನರ್ಸರಿಗೆ ಹೋಗಿದ್ದ. ಸಸಿ ಮಾರುವುದು ಅವನ ಕೆಲಸ. ದೊಡ್ಡ ಜಾತಿಯ ಸೂರ್ಯಕಾಂತಿಗೆ ಗಿಡದಿಂದ ಗಿಡಕ್ಕೆ ಮೊಳದ ಅಂತರವಾದರೂ ಬೇಕು ಎಂದು ಗಿರಾಕಿಗಳಿಗೆ ಪಾಠ ಹೇಳುವವನು, ತನ್ನ ಮನೆಯ ಕಿಟಕಿಯ ಮುಂದೆ ಮಾತ್ರ ಗೇಣಿಗೊಂದು ಬಿತ್ತಿದ್ದ. ಒಂದು ಸಾಲಲ್ಲ, ಎರಡು. ಮುಂದಿನ ಸಾಲಿನಲ್ಲಿ ಸಂದಿ ಇದ್ದ ಕಡೆ ಹಿಂದಿನ ಸಾಲಿನ ಗಿಡ. ಮೊರದಗಲದ ಎಲೆಗಳು ಒಂದರ ಮೇಲೊಂದು ಬಿದ್ದು ಗೋಡೆಯೇ ಎದ್ದಿತ್ತು.

ಆ ಗೋಡೆಯ ಹಿಂದೆ ಅಕ್ಕ ಮಲಗಿದ್ದಳು. ಸೊಂಟದ ಕೆಳಗೆ ಸ್ವಾಧೀನವಿಲ್ಲ. ಆಸ್ಪತ್ರೆಗೆ ನಡೆದುಕೊಂಡು ಹೋದವಳು ಸ್ಟ್ರೆಚರಿನ ಮೇಲೆ ಮನೆಗೆ ಬಂದು ವರ್ಷಗಳೇ ಆಗಿದ್ದವು. ಆ ಕಷ್ಟದ ದಿನಗಳಲ್ಲಿ ಓಡಿಬಂದು ಅರ್ಧ ಭಾರ ಹೊತ್ತವಳು ತಂಗಿ. ಅವಳ ಉಪಕಾರವನ್ನು ನೆಂಟರು ಇಂದಿಗೂ ಬಾಯ್ತುಂಬ ಹೇಳುತ್ತಾರೆ. ಅವರು ಮರೆತರೆ ಅವಳೇ ನೆನಪಿಸುತ್ತಾಳೆ.

ಬೀದಿಯವರು ಮೊದಮೊದಲು ಭಾವನನ್ನು ಹೊಗಳಿದ್ದೇ ಹೊಗಳಿದ್ದು. ಹಾಸಿಗೆ ಹಿಡಿದ ಹೆಂಡತಿಗೆ ಹೂವಿನ ಸಾಲು! ಕಟ್ಟಿಕೊಂಡರೆ ಇಂಥವನನ್ನು ಕಟ್ಟಿಕೊಳ್ಳಬೇಕು. ತಂಗಿಯ ಕಣ್ಣಿಗೆ ಮಾತ್ರ ಮಣ್ಣೆರಚಲು ಆಗಲಿಲ್ಲ. ಬಲಿತ ಸೂರ್ಯಕಾಂತಿ ಮೂಡಣಕ್ಕೆ ಮುಖಮಾಡಿ ನಿಂತುಬಿಡುತ್ತದೆ. ಮೂಡಣಕ್ಕೆ ಇರುವುದು ಬೀದಿ. ಹಳದಿ ಮುಖವೆಲ್ಲ ದಾರಿಹೋಕರಿಗೆ, ಅಕ್ಕನ ಪಾಲಿಗೆ ಬರೀ ಬೆನ್ನು. ಇದನ್ನು ತಂಗಿ ಬಿಡಿಸಿ ಹೇಳಿದ ಮೇಲೆ ಟೈಲರಮ್ಮನೂ ಗಲ್ಲಕ್ಕೆ ಕೈಯಿಟ್ಟಳು. "ಮೇಲೆ ಥಳುಕು, ಒಳಗೆ ಹುಳುಕು," ಎಂದಳು.

ಅಷ್ಟೇ ಆಗಿದ್ದರೆ ತಂಗಿ ಸಹಿಸುತ್ತಿದ್ದಳೇನೋ. ಬೀದಿಯ ಆಚೆ ಬದಿಯ ಮಹಡಿ ಮನೆ ಅವಳದು. ಅಕ್ಕನ ಕಣ್ಣೆದುರಿಗೇ ಇರಬೇಕೆಂದು ಗಂಡನಿಗೆ ವರ್ಗ ಮಾಡಿಸಿಕೊಳ್ಳಲು ಹೇಳಿ, ದೂರದ ಊರಿನಿಂದ ಈ ವರ್ಷವಷ್ಟೇ ಬಂದಿದ್ದಳು. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಮಗುವನ್ನು ಬಾಲ್ಕನಿಯ ಸ್ಟೂಲಿನ ಮೇಲೆ ನಿಲ್ಲಿಸುತ್ತಿದ್ದಳು.

"ದೊಡ್ಡಮ್ಮಂಗೆ ಟಾಟಾ ಮಾಡು, ಪುಟ್ಟಿ."

ಪುಟ್ಟಿ ಎರಡೂ ಕೈ ಬೀಸಿ ಕೂಗುತ್ತಿದ್ದಳು. ಎದುರಿನ ಕಿಟಕಿಯಲ್ಲಿ ಅಕ್ಕನ ಕೈ ನಿಧಾನವಾಗಿ ಏಳುತ್ತಿತ್ತು. ಅದನ್ನು ಕಂಡು ತಂಗಿಯ ಹೊಟ್ಟೆ ತಣ್ಣಗಾಗುತ್ತಿತ್ತು. ಪಾಪ, ಅವಳಿಗೆ ಇನ್ನೇನಿದೆ ಸುಖ!

ಹೀಗೆ ಒಂದು ತಿಂಗಳು ನಡೆದಿತ್ತೋ ಇಲ್ಲವೋ, ಭಾವ ಕಿಟಕಿಯ ಕೆಳಗೆ ಗುದ್ದಲಿ ಹಾಕಿದ.

"ಯಾಕೆ ಭಾವ, ಅಕ್ಕಂಗೆ ನಮ್ಮನೆ ಕಾಣಬಾರದಾ?" ಎಂದು ಗಿಡಗಳು ಎದೆಮಟ್ಟ ಬಂದಾಗ ಕೇಳಿಯೇಬಿಟ್ಟಿದ್ದಳು.

"ನನ್ನನ್ನ ಕೇಳಬೇಡಮ್ಮ. ಸುಮ್ಮನೆ ನಿನಗೇ ಬೇಜಾರು," ಎಂದು ಅವನು ದಂಟಿಗೆ ಹಳೇ ಸೀರೆಯ ಪಟ್ಟಿ ಕಟ್ಟುತ್ತಲೇ ಇದ್ದ. ಪುಟ್ಟಿ ಬಳಿಗೆ ಬಂದಾಗ ಮಾತ್ರ ಆ ಕೈ ನಿಂತಿತು. ಅವನು ಮಗುವನ್ನು ನೋಡುವ ರೀತಿ ತಂಗಿಗೆ ಎಂದೂ ಹಿಡಿಸಿದ್ದಿಲ್ಲ. ಕೈಹಿಡಿದು ಎಳೆದುಕೊಂಡು ಹೋದಳು.

ನಿನ್ನೆ ಒಳಗೆ ಹೋದರೆ ಅಲ್ಲಿ ಇನ್ನೊಂದು ಅನ್ಯಾಯ. ಅಕ್ಕನ ಮಡಿಲಲ್ಲಿ ತಟ್ಟೆ, ತಟ್ಟೆಯ ತುಂಬ ಮೊದಲು ಬಲಿತ ಹೂವಿನ ಬೀಜ. ಒಂದೊಂದನ್ನೇ ಬೆರಳಲ್ಲಿ ಸವರಿ, ದಪ್ಪದ್ದನ್ನು ಆರಿಸಿ ಪಕ್ಕಕ್ಕಿಡುತ್ತಿದ್ದಳು. ಹಾಸಿಗೆ ಹಿಡಿದವಳ ಕೈಯಿಂದಲೂ ದುಡಿಸುವ ಗಂಡ!

"ನಿನ್ನನ್ನ ಬೇಕಂತಲೇ ಮುಚ್ಚಿಟ್ಟಿದ್ದಾರೆ, ಹೌದಲ್ವಾ ಅಕ್ಕ? ಪುಟ್ಟಿ ಮುಖ ಕೂಡ ಕಾಣದ ಹಾಗೆ?"

ಅಕ್ಕ ಗೋಡೆಯ ಕಡೆ ಮುಖ ತಿರುಗಿಸಿದಳು. ಮೌನಂ ಸಮ್ಮತಿ ಲಕ್ಷಣಂ. ತಂಗಿ ಮನೆಗೆ ಹೋಗಿ ಮಚ್ಚು ಮಸೆದಳು.

ಕೊನೆಯ ಗಿಡ ಬಿದ್ದಾಗ ಕಿಟಕಿ ಬಟಾಬಯಲಾಯಿತು. ಬೆಳಕು ಮಂಚದವರೆಗೂ ನುಗ್ಗಿತು. ತಂಗಿ ಮಗುವನ್ನು ಇಸಿದುಕೊಂಡು ಕಿಟಕಿಯ ಸರಳಿನ ಹತ್ತಿರ ಎತ್ತಿ ಹಿಡಿದಳು.

"ದೊಡ್ಡಮ್ಮಾ! ಟಾಟಾ!"

ಅಕ್ಕ ಕಣ್ಣು ಮುಚ್ಚಿಕೊಂಡಳು. ಇಷ್ಟು ದಿನದ ಮೇಲೆ ಬಿಸಿಲು ಚುಚ್ಚಿರಬೇಕು ಎಂದುಕೊಂಡಳು ತಂಗಿ.

ಭಾವ ಬಂದ. ಬಿದ್ದ ಗಿಡಗಳನ್ನು ನೋಡಿದ. ಕೂಗಾಡುತ್ತಾನೆಂದು ಕಾದಿದ್ದ ಟೈಲರಮ್ಮನಿಗೆ ನಿರಾಸೆಯಾಯಿತು. ಸೈಕಲ್ ಒರಗಿಸಿ, ಚಪ್ಪಲಿ ಬಿಟ್ಟು ಅವನು ನೆಟ್ಟಗೆ ಅಕ್ಕನ ಮಂಚದ ಬಳಿಗೆ ಹೋದ. ಬೆನ್ನಿಗೇ ತಂಗಿ, ಅವಳ ಹಿಂದೆ ಮಗುವನ್ನೆತ್ತಿಕೊಂಡ ಟೈಲರಮ್ಮ.

"ಇನ್ನು ಅಕ್ಕನ್ನ ಹೀಗೆ ಮುಚ್ಚಿಡೋಕೆ ನಾನು ಬಿಡಲ್ಲ ಭಾವ," ಎಂದಳು ತಂಗಿ. "ನಾಳೆಯಿಂದ ಮೂರು ಹೊತ್ತೂ ಪುಟ್ಟೀನ ಬಾಲ್ಕನಿಗೆ ತರ್ತೀನಿ. ಅಕ್ಕ ಕಣ್ತುಂಬ ನೋಡಲಿ. ಅದೇನು ಮಾಡ್ತೀರೋ ಮಾಡ್ಕೊಳ್ಳಿ!"

"ಮಗುನ ಒಂಚೂರು ಆಚೆ ಕರ್ಕೊಂಡು ಹೋಗಿ," ಎಂದು ಭಾವ ಟೈಲರಮ್ಮನಿಗೆ ಹೇಳಿದ. ಆಕೆ ಒಲ್ಲದ ಮನಸ್ಸಿನಿಂದ ಹೋದಳು. ಮಗುವಿನ ದನಿ ಗೇಟು ದಾಟುವವರೆಗೂ ಅಕ್ಕ ಕಣ್ಣು ತೆರೆಯಲಿಲ್ಲ. ಆಮೇಲೆ ತೆರೆದಳು. ತಂಗಿಯನ್ನು ನೋಡಲಿಲ್ಲ, ಗಂಡನನ್ನು ನೋಡಿದಳು.

"ರೀ, ಗೇಣಿಗೊಂದು ಬಿತ್ತಿ ಅಂತ ನಾನು ಹೇಳಿದ್ದು ಸಾಲಲಿಲ್ಲ, ಈ ಸಲ ಇನ್ನೂ ಒತ್ತಾಗಿ ಬಿತ್ತಿ, ನಾನು ಹೆತ್ತ ಮಗು ಇವಳನ್ನ ಅಮ್ಮ ಅಂತ, ನನ್ನನ್ನ ದೊಡ್ಡಮ್ಮ ಅಂತ ಕೂಗೋದನ್ನ ಮೂರು ಹೊತ್ತೂ ನೋಡ್ಕೊಂಡು ಬದುಕೋಕೆ ನನ್ನ ಕೈಲಾಗಲ್ಲ."