ತಳಕ್ಕೆ ಕೂತ ಪ್ರಸಾದ

ಅಂಚೆಯಲ್ಲಿ ಬಂದ ಪ್ರಸಾದದ ಪೊಟ್ಟಣ ಬಿಚ್ಚಿ, ದುರ್ಗಕ್ಕ ಒಂದು ಚಿಟಿಕೆ ಕೆಂಪು ಪುಡಿಯನ್ನು ಗಂಡನ ಗಾಜಿನ ಲೋಟದ ನೀರಿಗೆ ಹಾಕಿದಳು. ಅದು ತೇಲಲಿಲ್ಲ, ಕರಗಲೂ ಇಲ್ಲ. ನೇರವಾಗಿ ತಳಕ್ಕೆ ಹೋಗಿ ಕೂತಿತು.

"ನೋಡ್ರಿ, ನಮ್ಮೂರ ಗುಡಿ ಕುಂಕುಮ ಮ್ಯಾಲೇ ತೇಲ್ತೈತಿ. ಸ್ವಾಮಿಗಳು ಕಳಿಸಿದ್ದು ಎಷ್ಟು ಭಾರ ಐತಿ! ಶಕ್ತಿ ಅಂದ್ರ ಹಿಂಗಿರಬೇಕು."

ಗಾದಿಲಿಂಗ ಒಂದು ಗುಟುಕು ಕುಡಿದ. ಹಲ್ಲಿನ ನಡುವೆ ಕರಕರ ಎಂದಿತು. ಅದು ಅದಿರಿನ ಧೂಳು. ಸಂಡೂರಿನ ಗಣಿಯಲ್ಲಿ ಲಾರಿಗೆ ಅದಿರು ತುಂಬುತ್ತ ವರ್ಷಗಟ್ಟಲೆ ಇದೇ ರುಚಿಯನ್ನು ಬಾಯಲ್ಲಿಟ್ಟುಕೊಂಡು ಕುರೆಕುಪ್ಪದ ಮನೆಗೆ ಬಂದವನು ಅವನು. ಎದೆಯಲ್ಲಿ ಕೂತ ಈ ಧೂಳನ್ನು ಇನ್ನು ತೆಗೆಯಲಾಗದು ಎಂದು ಬಳ್ಳಾರಿಯ ಡಾಕ್ಟರು ಎಕ್ಸ್‌ರೇ ನೋಡಿ ಹೇಳಿದ್ದರು.

"ದುರ್ಗೀ, ಇದು..." ಎನ್ನುವಷ್ಟರಲ್ಲಿ ಕೆಮ್ಮು ಒತ್ತರಿಸಿ ಬಂತು. ಅವಳು ಬಾಗಿ ಬೆನ್ನು ನೀವಿದಳು. ಈ ಪೊಟ್ಟಣಕ್ಕಾಗಿ ಓಲೆ ಮಾರಿ ಮನಿಯಾರ್ಡರ್ ಮಾಡಿದ್ದಳು. ಕಿವಿಯ ತೂತಿನಲ್ಲಿ ಈಗ ಬೇವಿನ ಕಡ್ಡಿ ಇತ್ತು.

"ಇನ್ನೊಂದು ಪೊಟ್ಟಣ ತರಿಸಿದ್ರ ಪೂರ್ತಿ ಗುಣ ಆಗ್ತೈತಂತ ಕಾಗದದಾಗ ಬರ್ದಾರ. ಖರೇ ಹೇಳ್ರಿ, ಎದಿ ಹಗುರಾತೇನು?"

ಆ ಮುಖದಲ್ಲಿ ಇಷ್ಟು ಆಸೆ ಕಂಡು ಅವನಿಗೆ ಬಹಳ ದಿನವಾಗಿತ್ತು.

"ಹೂಂ, ಒಂಚೂರು ಹಗುರಾಗೈತಿ," ಎಂದವನೇ ಲೋಟದ ತಳದಲ್ಲಿದ್ದುದನ್ನೂ ಕುಡಿದ.

ದುರ್ಗಕ್ಕ ಕಣ್ಣೊರೆಸಿಕೊಂಡಳು. ಆಮೇಲೆ ಅವಳ ಕೈ ಕುತ್ತಿಗೆಗೆ ಹೋಗಿ, ತಾಳಿಯ ಪಕ್ಕದ ಬಂಗಾರದ ಗುಂಡನ್ನು ಮೆಲ್ಲಗೆ ತೂಗಿ ನೋಡಿತು.