ಪರದೆಯ ಮೇಲಿನ ಅತ್ತೆ

ನಮ್ಮ ಸಂಜೆ ಶಾಲೆಯಲ್ಲಿ ಯಾರು ಯಾರ ಮಾತಿಗೆ ಹೆದರುತ್ತಾರೋ ಅವರ ಮುಖವೇ ಮೇಜಿನ ಪರದೆಗೆ ಬಂದು ಪಾಠ ಹೇಳುತ್ತದೆ. ಪಕ್ಕದ ಮಾಬುಬೀಗೆ ಅವಳ ಮೊಮ್ಮಗಳು ಬಂದಳು. ನನಗೆ ಬಂದದ್ದು ತೀರಿಹೋದ ನಮ್ಮತ್ತೆ. "ಓದಿ ಏನು ಕಡಿದು ಕಟ್ಟೆ ಹಾಕ್ಬೇಕು?" ಎಂದು ನನ್ನ ಪುಸ್ತಕವನ್ನು ಒಲೆಗೆ ಹಾಕಿದವರು.

ಅವರೆದುರು ಕೂತು ಅಭ್ಯಾಸವಿಲ್ಲ. ಇಡೀ ತರಗತಿ ನಕ್ಕರೂ ತಲೆಗೆ ಸೆರಗು ಹೊದ್ದು ನಿಂತೇ ಲೆಕ್ಕ ಮಾಡುತ್ತೇನೆ. ಮಂಡಿನೋವು ಬೇರೆ.

ನಿನ್ನೆ ಒಂದು ಭಾಗಾಕಾರ ಸರಿಹೋಯಿತು. "ಜಾಣೆ ಕಣೇ," ಎಂದರು ಅತ್ತೆ. ಅವರು ಬದುಕಿದ್ದಾಗ ನನ್ನ ಸಾರಿಗೂ ಒಂದು ಒಳ್ಳೆ ಮಾತು ಸಿಕ್ಕಿರಲಿಲ್ಲ. ಯಂತ್ರದ ಮಾತೆಂದು ಗೊತ್ತಿದ್ದೂ ಮುದುಕಿ ನಾನು ಕಣ್ಣೊರೆಸಿಕೊಂಡೆ.

"ಇನ್ನೊಂದು ಲೆಕ್ಕ ಮಾಡಿದ್ರೆ ಪಾಸು, ಅಜ್ಜಿ," ಎಂದಳು ಟೀಚರ್ ವೇದವತಿ. "ಮುಂದಿನ ಕ್ಲಾಸಿಗೆ ಬೇರೆ ಮುಖ ಬರುತ್ತೆ."

ಹನ್ನೆರಡನ್ನು ನಾಲ್ಕರಿಂದ ಭಾಗಿಸಬೇಕಿತ್ತು. ಐದು ಎಂದು ಬರೆದೆ.

ಅತ್ತೆ ದುರುಗುಟ್ಟಿದರು. "ಬೇಕಂತ್ಲೇ ತಪ್ಪು ಮಾಡ್ತೀಯಾ?"

"ಇಲ್ಲ ಅತ್ತೆ, ಬರಲಿಲ್ಲ."

"ಸುಳ್ಳು ಬೇರೆ! ಅಳಿಸಿ ಮತ್ತೆ ಮಾಡು." ಆಮೇಲೆ ಮೆಲ್ಲಗೆ ಹೇಳಿದರು, "ಈ ಸಲ ಕೂತ್ಕೊಂಡು ಮಾಡು."

ಅತ್ತೆಯೆದುರು ಮೊದಲ ಸಲ ಕೂತೆ. ಮೂರು ಎಂದು ಬರೆದೆ.