ಏಳನೇ ನಂಬರಿನ ಮನೆಯವರು

ಕಾರಿನಲ್ಲಿ ಕೂತವಳೇ ರಾಜಲಕ್ಷ್ಮಿ ಮೂಗು ಅರಳಿಸಿದಳು.

"ಏನ್ರೀ ಇದು ವಾಸನೆ? ಸಿಗರೇಟಲ್ಲ... ಬರೀ ಹೊಗೆಸೊಪ್ಪು."

ಕೃಷ್ಣಪ್ರಸಾದ ಸರಕ್ಕನೆ ಕಾರು ಸ್ಟಾರ್ಟ್ ಮಾಡಿದ. "ಪಾರ್ಕಿಂಗ್ ಲಾಟಲ್ಲಿ ಯಾರೋ ಸೇದ್ತಾ ಇದ್ರು ಕಣೇ. ಕಿಟಕಿ ಓಪನ್ ಇತ್ತು."

"ಥೂ, ಅಸಹ್ಯ," ಎಂದು ಅವಳು ಕಿಟಕಿ ಇಳಿಸಿ, ಒಂದು ಏಲಕ್ಕಿ ಬಾಯಿಗೆ ಹಾಕಿಕೊಂಡಳು.

ಕೃಷ್ಣಪ್ರಸಾದ ಜನ್ಮದಲ್ಲಿ ಸಿಗರೇಟು ಮುಟ್ಟಿದವನಲ್ಲ. ಅವನ ಅಪರಾಧವೇ ಬೇರೆ. ಅಮೆರಿಕದ ಶ್ಯಾಂಟಿಲಿಯಲ್ಲಿ ಅವನು ಕೆಲಸಕ್ಕಿದ್ದ ಕಂಪನಿ ಹೊಗೆಸೊಪ್ಪಿನ ಕಡ್ಡಿಯನ್ನು ಸುಡದೆ ಬರೀ ಬಿಸಿ ಮಾಡುವ ಸಾಧನ ತಯಾರಿಸುತ್ತಿತ್ತು. ಅದರ ಹೀಟರ್ ವಿನ್ಯಾಸ ಅವನದು. ಹೆಂಡತಿಗೆ ಮಾತ್ರ ಆಸ್ತಮಾ ರೋಗಿಗಳಿಗೆ ಹಬೆ ಯಂತ್ರ ಮಾಡುತ್ತೇನೆಂದು ಹೇಳಿದ್ದ. ಮತ್ತೇನು ಹೇಳಿಯಾನು? ಫೇರ್‌ಫ್ಯಾಕ್ಸ್‌ನ ಯುಗಾದಿ ಊಟದ ದಿನ ಕಾರಿನ ಮರೆಯಲ್ಲಿ ಸೇದುತ್ತಿದ್ದ ಗೆಳೆಯ ಶಶಾಂಕನ ನೀರನ್ನು ಅವಳು ಎಲ್ಲರ ಮುಂದೆ ಇಳಿಸಿದ್ದಳು. ಅಷ್ಟು ದೂರದಿಂದ ಅವಳಿಗೆ ಅದು ಹೇಗೆ ಗೊತ್ತಾಯಿತೆಂದು ಇಡೀ ಕನ್ನಡ ಬಳಗ ಬೆರಗಾಗಿತ್ತು.

ಆಫೀಸಿನಲ್ಲಿ ಅವನ ಸಾಧನದ ಗತಿ ಕೆಟ್ಟಿತ್ತು. ಬಿಸಿಯಾದರೆ ಕೀಂ ಎನ್ನುತ್ತಿತ್ತು, ಮಿಂಚುಹುಳುವಿನ ಹಾಗೆ ಮಿನುಗುತ್ತಿತ್ತು, ಸೇದಿ ಮುಗಿದ ಮೇಲೂ ನಾರುತ್ತಿತ್ತು. ಹೊರಗಿನ ಏಜೆನ್ಸಿಯೊಂದು ಕಂಪನಿಯ ಹೆಸರಿಲ್ಲದ ಸಾಧನಗಳನ್ನು ಸೇದುವ ಚಟವಿದ್ದ ವಯಸ್ಕರಿಗೆ ಕೊಟ್ಟು ಅಭಿಪ್ರಾಯ ಕೇಳುತ್ತಿತ್ತು. ಅವರ ಹೆಸರು ಹೇಳುವಂತಿರಲಿಲ್ಲ, ನಂಬರು ಮಾತ್ರ. ಎಲ್ಲರೂ "ಚೆನ್ನಾಗಿದೆ" ಎಂದು ಸುಮ್ಮನಾದರು. ಏಳನೇ ನಂಬರ್ ಸುಮ್ಮನಾಗಲಿಲ್ಲ.

"ಏಳನೇ ನಂಬರ್ ಮತ್ತೆ ಬೈದಿದೆ ಕಣೋ," ಎಂದು ಸಹೋದ್ಯೋಗಿ ಪವನ ನಗುತ್ತ ಬಂದ. "ಆ ಬೀಪ್ ತೆಗೀಲೇಬೇಕಂತೆ. ಸ್ಪೌಸ್, ಅಂದ್ರೆ ಮನೆಯವರು, ಪಕ್ಕದ ರೂಮಲ್ಲೇ ಇರ್ತಾರಂತೆ. ಪ್ರತಿ ಸಲ ಜೀವ ಬಾಯಿಗೆ ಬರುತ್ತಂತೆ."

ಕೃಷ್ಣಪ್ರಸಾದನ ಕರುಳು ಚುರುಕ್ಕೆಂದಿತು. ಅಯ್ಯೋ ಪಾಪ, ತನ್ನ ಹಾಗೇ ಹೆಂಡತಿಗೆ ಹೆದರುವ ಪ್ರಾಣಿ! ಅವನ ಕಣ್ಣ ಮುಂದೆ ಗಡ್ಡದ ದಡಿಯನೊಬ್ಬ ಬಂದು ನಿಂತ. ಸೈನ್ಯದಲ್ಲಿದ್ದು ನಿವೃತ್ತನಾದವನು. ಫಿರಂಗಿಗೆ ಹೆದರದವನು ಹೆಂಡತಿಯ ಹೆಜ್ಜೆ ಸದ್ದಿಗೆ ನಡುಗುತ್ತಾನೆ. ಆವತ್ತಿನಿಂದ ಕೃಷ್ಣಪ್ರಸಾದ ಮಾರುಕಟ್ಟೆಯನ್ನು ಮರೆತ. ಆ ಒಬ್ಬ ಗಂಡನಿಗಾಗಿ ದುಡಿದ.

ಬೀಪ್ ತೆಗೆದು, ಅಂಗೈಗೆ ಮಾತ್ರ ತಿಳಿಯುವಂಥ ನಡುಕ ಇಟ್ಟ. ಹಿಮದಲ್ಲಿ ನಿಂತರೆ ಬಿಸಿಯಾಗುವಷ್ಟರಲ್ಲಿ ಬೆರಳು ಮರಗಟ್ಟುತ್ತದೆ ಎಂಬ ದೂರು ಬಂತು. ಕಡ್ಡಿಯ ನಡುವೆ ಚುಚ್ಚುತ್ತಿದ್ದ ಹೀಟರನ್ನು ಕಿತ್ತು, ಸುತ್ತಲಿಂದ ಬಿಸಿ ಮಾಡುವ ಸುರುಳಿ ಕೂರಿಸಿದ. ಕೋಟಿನ ಗುಂಡಿ ಹಾಕುವಷ್ಟರಲ್ಲಿ ಕಡ್ಡಿ ಸಿದ್ಧ. ಬೆಳಕು ಜೇಬಿನಿಂದ ಹೊರಗೆ ಕಾಣುತ್ತದೆ ಎಂದಾಗ ಬೆಳಕನ್ನೇ ಆರಿಸಿದ.

ಉಳಿದದ್ದು ವಾಸನೆ.

"ಕೇಳು, ಕೇಳು," ಎಂದ ಪವನ ಹೊಟ್ಟೆ ಹಿಡಿದುಕೊಂಡು. "'ನನ್ನ ಸ್ಪೌಸ್ ಮಹಾ ಪೆದ್ದು, ಹೇಳಿದ್ದೆಲ್ಲ ನಂಬುತ್ತೆ. ಆದ್ರೂ ರಿಸ್ಕ್ ಬೇಡ, ಸ್ಮೆಲ್ ಕಮ್ಮಿ ಮಾಡಿ' ಅಂತೆ!"

ಕೃಷ್ಣಪ್ರಸಾದ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. "ಆ ಪೆದ್ದನ್ನ ಒಂದ್ಸಲ ನೋಡ್ಬೇಕಲ್ಲ ಮಾರಾಯ!"

ಇದ್ದಿಲಿನ ಪದರ ಹಾಕಿದ, ಬಿಗಿ ಮುಚ್ಚಳ ಕೂರಿಸಿದ. ಕೊನೆಗೊಂದು ಮಧ್ಯಾಹ್ನ ತೀರ್ಪು ಬಂತು. ಈಗ ತಾನೇ ಸೇದಿ ಬಂದು ಸ್ಪೌಸ್‌ನ ಪಕ್ಕದಲ್ಲೇ ಸೋಫಾದ ಮೇಲೆ ಕೂತರೂ ಏನೂ ಗೊತ್ತಾಗಲಿಲ್ಲವಂತೆ! ಲ್ಯಾಬಿನಲ್ಲಿ ಕೃಷ್ಣಪ್ರಸಾದ ಪವನನನ್ನು ಎತ್ತಿಕೊಂಡು ಗಿರಗಿರ ತಿರುಗಿಸಿದ.

ಮನೆಗೆ ಬಂದರೂ ಮುಖದ ನಗು ಇಳಿಯಲಿಲ್ಲ.

"ಏನ್ರೀ ಇಷ್ಟು ಖುಷಿ?"

"ಒಬ್ರು ಪೇಷೆಂಟ್‌ಗೆ ನನ್ನ ಮೆಷೀನಿಂದ ತುಂಬಾ ಆರಾಮ ಆಯ್ತಂತೆ ಕಣೇ."

"ಪುಣ್ಯದ ಕೆಲ್ಸ ಮಾಡ್ತೀರಾ ಬಿಡಿ," ಎಂದಳು ರಾಜಲಕ್ಷ್ಮಿ ಅಕ್ಕರೆಯಿಂದ. ಆಮೇಲೆ ಕೋಟು ತೊಟ್ಟು ಸಂಜೆಯ ವಾಕಿಂಗ್‌ಗೆ ಹೊರಟಳು. ಮೊಣಕಾಲುದ್ದ ಹಿಮ ಬಿದ್ದರೂ ತಪ್ಪಿಸುವವಳಲ್ಲ. ಎಂಥ ಶಿಸ್ತು ಎಂದು ಅವನಿಗೆ ಹೆಮ್ಮೆ.

ಪರೀಕ್ಷೆ ಮುಗಿದ ಸಂತೋಷಕ್ಕೆ ಕಂಪನಿ ಒಂದು ಶನಿವಾರ ಹೋಟೆಲಿನಲ್ಲಿ ಊಟ ಇಟ್ಟುಕೊಂಡಿತು. ಗುರುತು ತೋರಲು ಅಡ್ಡಿಯಿಲ್ಲದ ಪರೀಕ್ಷಕರೂ ಬರಬಹುದೆಂದು ಏಜೆನ್ಸಿಯ ಮೂಲಕ ಕರೆ ಹೋಯಿತು. ಏಳನೇ ನಂಬರ್ ಕೂಡಲೇ ಒಪ್ಪಿತು: ಇದನ್ನು ಮಾಡಿದ ಪುಣ್ಯಾತ್ಮನ ಕೈ ಕುಲುಕಲೇಬೇಕಂತೆ. ಹೆಂಡತಿಗೆ ಏನು ಹೇಳುವುದೆಂದು ಕೃಷ್ಣಪ್ರಸಾದ ತಡಕಾಡುತ್ತಿರುವಾಗ ಅವಳೇ ದಾರಿ ಮಾಡಿಕೊಟ್ಟಳು. ಆವತ್ತೇ ಆಶ್‌ಬರ್ನ್‌ನಲ್ಲಿ ಗೆಳತಿ ಶ್ರಾವಣಿಯ ಸೀಮಂತವಂತೆ, ಹೆಂಗಸರಿಗೆ ಮಾತ್ರವಂತೆ, ಬರುವುದು ತಡವಾಗುತ್ತದಂತೆ. "ಹೋಗ್ಬಾ, ಹೋಗ್ಬಾ," ಎಂದು ಅವನೇ ಅವಸರ ಮಾಡಿ ಕಳಿಸಿದ.

ಹೋಟೆಲಿನಲ್ಲಿ ಅವನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹೂಗುಚ್ಛ ಹಿಡಿದು, ದಡಿಯ ಸಿಪಾಯಿಗೆ ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಉರು ಹೊಡೆದ: ಸರ್, ಹೆಂಡತಿಗೆ ಹೆದರುವವರೆಲ್ಲ ಅಣ್ಣತಮ್ಮಂದಿರು.

"ಬಂದ್ರು ಕಣೋ, ಏಳನೇ ನಂಬರ್!" ಎಂದು ಬಾಗಿಲ ಬಳಿಯಿಂದ ಪವನ ಕೂಗಿದ. ಕೃಷ್ಣಪ್ರಸಾದ ಎರಡೂ ತೋಳು ಚಾಚಿ, ಮುಖದ ತುಂಬ ನಗುತ್ತ ಓಡಿದ.

ಸೀಮಂತಕ್ಕೆಂದು ಉಟ್ಟ ರೇಷ್ಮೆ ಸೀರೆಯಲ್ಲಿ ಬಾಗಿಲಲ್ಲೇ ಕಲ್ಲಾಗಿ ನಿಂತ ರಾಜಲಕ್ಷ್ಮಿ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿ ಕೇಳಿದಳು: "ರೀ... ನೀವೂ ಸೇದ್ತೀರಾ?"